ಸಂಜೆ ಏಳರ ಲೆಕ್ಕ

ನಿನ್ನೆ ಸಂಜೆ ಏಳಕ್ಕೆ ಮಲ್ಲೇಶ್ವರದ ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ, ಬಿಸಿಲು ಮತ್ತು ಗಾಳಿಯನ್ನೇ ನಂಬಿ ಇಡೀ ದೇಶದ ವಿದ್ಯುತ್ ಜಾಲವನ್ನು ನಡೆಸಬಹುದೇ ಎಂಬ ಹಳೆಯ ಪ್ರಶ್ನೆ ಮತ್ತೆ ಕಾಡಿತು. (ಕೆಟ್ಟಿದ್ದು ಬೀದಿಯ ಟ್ರಾನ್ಸ್‌ಫಾರ್ಮರ್, ಸೂರ್ಯನ ತಪ್ಪೇನೂ ಇರಲಿಲ್ಲ.) ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ಆದರೆ ಬೆಂಗಳೂರಿನವರೆಲ್ಲ ಮನೆ ಸೇರಿ ದೀಪ, ಫ್ಯಾನು, ಟಿವಿ ಹಾಕುವ ಹೊತ್ತಿಗೆ ಅಲ್ಲಿನ ಉತ್ಪಾದನೆ ಸೊನ್ನೆಗೆ ಇಳಿದಿರುತ್ತದೆ. ಆಗ ಕೈಹಿಡಿಯುವುದು ಕೆಲವೇ ನಿಮಿಷಗಳಲ್ಲಿ ಚುರುಕಾಗಬಲ್ಲ, 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿಯಂಥ ಜಲವಿದ್ಯುತ್ ಕೇಂದ್ರ. ಅದೂ ನವೀಕರಿಸಬಹುದಾದ ಮೂಲವೇ ಎಂಬುದನ್ನು ವಾದದ ಭರದಲ್ಲಿ ಮರೆಯುತ್ತೇವೆ.

ಇದಕ್ಕಿಂತ ಸೂಕ್ಷ್ಮವಾದದ್ದು ಆವರ್ತನದ, ಅಂದರೆ ವಿದ್ಯುತ್ ಪ್ರವಾಹ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಪ್ರಶ್ನೆ. ಜಾಲ ಸದಾ 50 ಹರ್ಟ್ಸ್‌ನ ಆಸುಪಾಸಿನಲ್ಲೇ ಇರಬೇಕು. ರಾಯಚೂರಿನ ಉಷ್ಣ ಸ್ಥಾವರದ ಭಾರೀ ಟರ್ಬೈನುಗಳು ತಮ್ಮ ತಿರುಗುವ ಜಡತ್ವದಿಂದಲೇ, ಅಂದರೆ ಥಟ್ಟನೆ ವೇಗ ಬದಲಿಸದ ಗುಣದಿಂದಲೇ, ಹಠಾತ್ ಏರುಪೇರನ್ನು ತಾಳಿಕೊಳ್ಳುತ್ತವೆ, ಆದರೆ ಸೌರ ಫಲಕಗಳ ವಿದ್ಯುತ್ತನ್ನು ಜಾಲಕ್ಕೆ ಹೊಂದುವಂತೆ ಬದಲಿಸುವ ಇನ್ವರ್ಟರ್‌ಗಳಿಗೆ ಆ ಗುಣವನ್ನು ನಾವೇ ಕಲಿಸಬೇಕು, ಜೊತೆಗೆ ಬ್ಯಾಟರಿಯ ಬಲವನ್ನೂ ಕೊಡಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಂದಿಗೆ ಬೆಸೆದುಕೊಂಡಿದ್ದರಿಂದ ಒಂದೆಡೆಯ ಕೊರತೆಯನ್ನು ಇನ್ನೊಂದೆಡೆಯ ಗಾಳಿ ತುಂಬಬಲ್ಲದು. ಆದ್ದರಿಂದ ಸಾಧ್ಯವೇ ಎಂದರೆ ಸಾಧ್ಯವೆಂದೇ ನನ್ನ ಅನಿಸಿಕೆ. ಆದರೆ ಫಲಕದ ಬೆಲೆ ಇಳಿದ ಸಂಭ್ರಮದಲ್ಲಿ ಸಂಗ್ರಹಣೆಯ ಮತ್ತು ತಂತಿಯ ಖರ್ಚನ್ನು ಬಿಟ್ಟು ಹಾಕುವ ಲೆಕ್ಕವನ್ನು ನಾನು ಒಪ್ಪಲಾರೆ.