ಹುಳದ ತಲೆ ಲೆಕ್ಕ

ಕೆಸರು ಜರಡಿ ಹಿಡಿಯುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಅಮ್ಮ ನಂಬಿರಲಿಲ್ಲ. ಬಂದರಿನ ಹೂಳೆತ್ತಿದ ಮೇಲೆ ಕಡಲ ತಳದ ಜೀವಿಗಳ ಗತಿ ಏನಾಯಿತೆಂದು ನೋಡುವ ಯೋಜನೆಯೊಂದರಲ್ಲಿ ನಾನು ಸಹಾಯಕಿಯಾಗಿದ್ದೆ. ಯಾವ ಬಂದರು ಎಂಬುದು ಬೇಡ. ಪಣಂಬೂರಿನಂಥ ದೊಡ್ಡದಿರಲಿ, ಅಳಿವೆ ಬಾಗಿಲಿನ ಮೀನುಗಾರಿಕಾ ಬಂದರಿರಲಿ, ನಮ್ಮ ಕರಾವಳಿಯಲ್ಲಿ ಮಳೆಗಾಲ ತಂದು ತುಂಬಿದ್ದನ್ನು ಮತ್ತೆ ಮತ್ತೆ ಎತ್ತದೆ ಗತಿಯಿಲ್ಲ.

ಕೆಸರು ತೆಗೆಯಲು ವ್ಯಾನ್ ವೀನ್ ಗ್ರ್ಯಾಬ್ ಎಂಬ ಲೋಹದ ಎರಡು ದವಡೆ. ಬಾಯಿ ತೆರೆದಿಟ್ಟು ಹಗ್ಗದಲ್ಲಿ ಇಳಿಸಿದರೆ ತಳ ಮುಟ್ಟಿದೊಡನೆ ಕೊಕ್ಕೆ ಕಳಚುತ್ತದೆ, ಎಳೆದಾಗ ಬಾಯಿ ಮುಚ್ಚುತ್ತದೆ. ನಡುವೆ ಒಂದು ಮರುವಾಯಿ ಚಿಪ್ಪು ಸಿಕ್ಕಿಕೊಂಡರೆ ಮುಗಿಯಿತು, ಮೇಲೆ ಬರುವಷ್ಟರಲ್ಲಿ ಕೆಸರೆಲ್ಲ ಸೋರಿಹೋಗಿರುತ್ತದೆ. ಮತ್ತೆ ಇಳಿಸಬೇಕು. ಸರಿಯಾಗಿ ಬಂದ ಕೆಸರಿನ ಮೇಲೆ ತೆಳುವಾದ ಕಂದು ಪದರ. ಬೆರಳಿನಿಂದ ಗೀರಿದರೆ ಕೆಳಗೆ ಮಸಿಗಪ್ಪು, ಕೊಳೆತ ಮೊಟ್ಟೆಯ ವಾಸನೆ. ಅದನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಫಾರ್ಮಾಲಿನ್ ಬಾಟಲಿಗೆ ಹಾಕಿ, ರೋಸ್ ಬೆಂಗಾಲ್ ಬಣ್ಣ ಬೆರೆಸುತ್ತಿದ್ದೆವು. ಹುಳಗಳೆಲ್ಲ ಗುಲಾಬಿಯಾಗಿ ಎದ್ದು ಕಾಣುತ್ತವೆ.

ಹುಳಗಳು ಇಡಿಯಾಗಿ ಸಿಗುವುದು ಅಪರೂಪ. ಆದ್ದರಿಂದ ತಲೆ ಮಾತ್ರ ಎಣಿಸಬೇಕು, ಬಾಲಕ್ಕೆ ಲೆಕ್ಕವಿಲ್ಲ. ನಮ್ಮ ಗ್ರ್ಯಾಬ್ ಕಚ್ಚುವುದು 0.04 ಚದರ ಮೀಟರ್. ಒಂದು ತಲೆ ಹೆಚ್ಚಿಗೆ ಎಣಿಸಿದರೆ ವರದಿಯಲ್ಲಿ ಚದರ ಮೀಟರಿಗೆ 25 ಹುಳ ಹುಟ್ಟಿಕೊಳ್ಳುತ್ತವೆ. ಸಂಜೆ ಕಣ್ಣು ಮಂಜಾದ ಹೊತ್ತಿನಲ್ಲಿ ನಾನು ಎಷ್ಟು ಹುಟ್ಟಿಸಿದ್ದೇನೋ.

ಸಂಖ್ಯೆ ಬೇರೆ ರೀತಿಯಲ್ಲೂ ಏಮಾರಿಸುತ್ತದೆ. ತಳ ಕೆರೆದು ಕೆಲವು ತಿಂಗಳಾದ ಮೇಲೆ ತಲೆಗಳು ಹೆಚ್ಚಿದ್ದೂ ಉಂಟು. ಆದರೆ ಖಾಲಿ ಜಾಗಕ್ಕೆ ಮೊದಲು ನುಗ್ಗುವುದು ಕ್ಯಾಪಿಟೆಲ್ಲಾದಂಥ, ಬೇಗ ಹುಟ್ಟಿ ಬೇಗ ಸಾಯುವ ಸಣ್ಣ ಹುಳಗಳು. ನಿಧಾನವಾಗಿ ಬೆಳೆಯುವ ಚಿಪ್ಪಿ ನೆಲೆಯೂರುವ ಹೊತ್ತಿಗೆ ಹೂಳೆತ್ತುವ ಯಂತ್ರ, ಮುಂದಿನ ವರ್ಷದ ಡ್ರೆಜ್ಜರ್, ಬಂದು ನಿಂತಿರುತ್ತದೆ.

ಹಾಗೆಂದು ಎಲ್ಲವನ್ನೂ ಡ್ರೆಜ್ಜರ್‌ನ ತಲೆಗೆ ಕಟ್ಟುವಂತಿಲ್ಲ. ಮಳೆಗಾಲದ ಅಲೆಗಳೂ ತಳ ಕಲಕುತ್ತವೆ. ಮುಂಗಾರಿನ ಕೊನೆಗೆ ಆಮ್ಲಜನಕ ಕಡಿಮೆಯಿರುವ ನೀರು ಆಳದಿಂದ ದಡದ ಕಡೆಗೆ ಏರುತ್ತದೆ. ಅಲೆ ಕೊಂದದ್ದೆಷ್ಟು, ಯಂತ್ರ ಕೊಂದದ್ದೆಷ್ಟು ಎಂದು ತಿಳಿಯಲು ಹೂಳೆತ್ತುವ ಮೊದಲೇ ಒಮ್ಮೆ ನೋಡಿರಬೇಕು. ಅದೇ ಆಳದ, ಅದೇ ಬಗೆಯ ಕೆಸರಿನ, ಆದರೆ ಯಾರೂ ಮುಟ್ಟದ ಇನ್ನೊಂದು ಜಾಗವನ್ನೂ ನೋಡುತ್ತಿರಬೇಕು. ಅದೇ ಹೋಲಿಕೆಯ ತಾಣ. ನನ್ನ ತಕರಾರು ಇದ್ದದ್ದು ಅದರ ಬಗ್ಗೆಯೇ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆ ತಾಣದಲ್ಲಿ ಗ್ರ್ಯಾಬ್ ಇಳಿಸುತ್ತಿದ್ದಾಗ ದೋಣಿ ನಡೆಸುವ ತಂಡೇಲರು ನೀರನ್ನೇ ನೋಡುತ್ತ ಕೇಳಿದರು: "ಮೇಡಂ, ಹೂಳು ಸುರಿಯುವುದು ಎಲ್ಲಿ?"

ಬಡಗು ದಿಕ್ಕಿಗೆ ಕೈ ತೋರಿಸಿದೆ.

"ಈಗ ನೀರು ತೆಂಕಿಗೆ ಎಳೆಯುತ್ತಿದೆಯಲ್ಲ. ಅವರು ಅಲ್ಲಿ ಸುರಿದದ್ದು ಇಲ್ಲಿಗೇ ಬರುವುದಿಲ್ಲವೇ?"

ನಿಜವೇ. ಮುಂಗಾರಿನಲ್ಲಿ ನಮ್ಮ ಕರಾವಳಿಯ ಪ್ರವಾಹ ತೆಂಕಿಗೆ, ಚಳಿಗಾಲದಲ್ಲಿ ಬಡಗಿಗೆ. ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಅವರು ಬಲೆ ಬಿಟ್ಟು ಕಲಿತಿದ್ದರು. ಕಚೇರಿಯಲ್ಲಿ ಹೇಳಿದರೆ, ತಾಣಗಳಿಗೆ ಒಪ್ಪಿಗೆ ಸಿಕ್ಕಾಗಿದೆ, ಈಗ ಬದಲಿಸಲಾಗದು ಎಂದರು. ವರದಿ ಬಂತು: ಹೂಳೆತ್ತಿದ ಜಾಗಕ್ಕೂ ಹೋಲಿಕೆಯ ತಾಣಕ್ಕೂ ಗಮನಾರ್ಹ ವ್ಯತ್ಯಾಸವಿಲ್ಲ. ಎರಡಕ್ಕೂ ಒಂದೇ ಕೆಸರು ಹೊದಿಸಿದರೆ ವ್ಯತ್ಯಾಸ ಎಲ್ಲಿಂದ ಬರಬೇಕು?

ಅದಕ್ಕೆ ಮೊದಲೇ, ಕೊನೆಯ ಸುತ್ತಿನ ದಿನ, ನಾನು ಕೇಳಿದ್ದಕ್ಕೆ ತಂಡೇಲರು ದೋಣಿಯನ್ನು ಹೂಳಿನ ದಾರಿಯಿಂದ ದೂರ, ತಾವು ನಂಗು ಮೀನು ಹಿಡಿಯುವ ಜಾಗಕ್ಕೆ ಒಯ್ದಿದ್ದರು. ಆ ಒಂದು ಬಾಟಲಿಗೆ ಪಟ್ಟಿಯಲ್ಲಿ ಸಂಖ್ಯೆಯಿರಲಿಲ್ಲ. ಶಾಯಿ ಕರಗುತ್ತದೆಂದು ಪೆನ್ಸಿಲಿನಲ್ಲಿ "ತಂಡೇಲರ ಜಾಗ" ಎಂದು ಚೀಟಿ ಬರೆದು ಒಳಗೆ ಹಾಕಿದ್ದೆ. ಬಿಡುವಾದಾಗ ತೆರೆದು ನೋಡಿದರೆ ಹುಳಗಳ ನಡುವೆ ನಕ್ಷತ್ರಮೀನಿನ ದಾಯಾದಿ, ಒಂದು ಪುಟ್ಟ ಬ್ರಿಟಲ್ ಸ್ಟಾರ್. ಐದು ತೋಳುಗಳಲ್ಲಿ ಮೂರು ಮುರಿದಿದ್ದವು. ಅದಕ್ಕೆ ತಲೆಯೇ ಇಲ್ಲ, ನಡುವಿನ ಬಿಲ್ಲೆಯನ್ನು ಎಣಿಸಬೇಕು. ಒಂದು ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ.