ಅನಾಪೊಲಿಸ್ ರಾಕ್ಸ್: ಸಂಜೆ ಹತ್ತಿ ಕತ್ತಲಲ್ಲಿ ಇಳಿಯುವವರಿಗೆ

ಅಪಲೇಚಿಯನ್ ಟ್ರೇಲ್ ಅಂದರೆ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್‌ವರೆಗೆ 14 ರಾಜ್ಯ ಹಾದು ಹೋಗುವ, ಹೆಚ್ಚೂಕಮ್ಮಿ 2,200 ಮೈಲಿಯ ಕಾಲುದಾರಿ. ಪೂರ್ತಿ ನಡೆಯಲು ಐದಾರು ತಿಂಗಳು ಬೇಕು. ಆಫೀಸು, ಮಕ್ಕಳ ಸ್ಕೂಲು, ವೀಸಾ ತಲೆನೋವು ಇರುವ ನಮ್ಮಂಥವರಿಗೆ ಅದು ಆಗದ ಮಾತು. ಹಾಗಾಗಿ ತುಂಡು ತುಂಡಾಗಿ ನಡೆಯುವುದು. ಮೇರಿಲ್ಯಾಂಡಿನ ಪಾಲಿಗೆ ಬಂದಿರುವುದು ಸುಮಾರು 41 ಮೈಲಿ, ಅದರಲ್ಲಿ ಕೆಲಸ ಮುಗಿಸಿ ಸಂಜೆ ಹೋಗಿ ಬರಬಹುದಾದ ತುಂಡು ಯಾವುದು ಅಂತ ಕೇಳಿದರೆ ನಾನು ಹೇಳುವುದು ಅನಾಪೊಲಿಸ್ ರಾಕ್ಸ್.

ಕಾರಣ ಇಷ್ಟೇ. ಬಂಡೆ ನೇರ ಪಶ್ಚಿಮಕ್ಕೆ ಮುಖ ಮಾಡಿದೆ. ಕೆಳಗೆ ಗ್ರೀನ್‌ಬ್ರಯರ್ ಕೆರೆ, ಆಚೆ ಬಯಲು, ಹೊಲ, ಅದರಾಚೆ ಸೂರ್ಯ ಇಳಿಯುತ್ತಾನೆ. ಹೋಗಿ ಬರುವುದು ಎರಡೂ ಸೇರಿ ಸುಮಾರು 5 ಮೈಲಿ. ಹೋದ ದಾರಿಯಲ್ಲೇ ವಾಪಸ್ ಬರುವುದರಿಂದ ಎರಡು ಕಾರು, ಒಂದು ಆ ತುದಿಗೆ ಒಂದು ಈ ತುದಿಗೆ ಅನ್ನುವ ತಾಪತ್ರಯವೂ ಇಲ್ಲ. ಒಂದು ಎಚ್ಚರಿಕೆ: ಹೆಸರು ನೋಡಿ ಜಿಪಿಎಸ್‌ನಲ್ಲಿ ಸುಮ್ನೆ ಅನಾಪೊಲಿಸ್ ಅಂತ ಹಾಕಬೇಡಿ. ಆ ಊರು ಪೂರ್ವಕ್ಕೆ, ಚೆಸಪೀಕ್ ಕೊಲ್ಲಿಯ ದಡದಲ್ಲಿದೆ. ನೀವು ಹೋಗಬೇಕಾದದ್ದು ಫ್ರೆಡ್ರಿಕ್ ದಾಟಿ ಪಶ್ಚಿಮಕ್ಕೆ, ಯುಎಸ್ 40 ರಸ್ತೆಯ ಪಕ್ಕದ ಸಣ್ಣ ಪಾರ್ಕಿಂಗ್‌ಗೆ.

ಈ ಪಾರ್ಕಿಂಗ್ ಶನಿವಾರ, ಭಾನುವಾರ ಬೆಳಿಗ್ಗೆಯೇ ತುಂಬಿಬಿಡುತ್ತದೆ. ವಾರದ ದಿನ ಸಂಜೆ ಹೋದರೆ ಹಗಲು ಹತ್ತಿದವರು ಇಳಿದು ಹೊರಡುವ ಹೊತ್ತು, ಜಾಗ ಸಿಗುವುದು ಸುಲಭ. ಸಿಗದಿದ್ದರೆ ಹೆದ್ದಾರಿ ಅಂಚಿಗೆ ಕಾರು ತುರುಕಿ ಹೋಗಬೇಡಿ, ಕತ್ತಲಲ್ಲಿ ವಾಪಸ್ ಬಂದಾಗ ಲಾರಿಗಳು ಮೈಮೇಲೆ ಬಂದ ಹಾಗೆ ಓಡುತ್ತಿರುತ್ತವೆ. ಪಾರ್ಕಿಂಗ್‌ನಿಂದ ಸ್ವಲ್ಪ ನಡೆದರೆ ಐ-70 ಹೆದ್ದಾರಿ ಮೇಲಿನ ಕಾಲುಸೇತುವೆ ಕಾಣುತ್ತದೆ. ಅದನ್ನು ದಾಟಬೇಡಿ. ದಾಟಿದರೆ ದಕ್ಷಿಣಕ್ಕೆ ಹೋಗುತ್ತೀರಿ. ನಮ್ಮ ದಾರಿ ಉತ್ತರಕ್ಕೆ.

ಮೊದಲ ಒಂದು ಮೈಲಿ ಏರು, ಕಲ್ಲು, ಉಸಿರು. ಆಮೇಲೆ ಬೆಟ್ಟದ ನೆತ್ತಿ ಸಿಕ್ಕಿ ದಾರಿ ಸಮತಟ್ಟಾಗುತ್ತದೆ. ಕುಮಾರಪರ್ವತ ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ, ಆದರೆ ದಿನವಿಡೀ ಕುರ್ಚಿಯಲ್ಲಿ ಕೂತವರಿಗೆ ಮೊದಲ ಅರ್ಧ ಗಂಟೆ ಗೊತ್ತಾಗುತ್ತದೆ. ಮರಗಳ ಮೇಲೆ ಬಿಳಿ ಬಣ್ಣದ ಪಟ್ಟಿ ಇದ್ದರೆ ನೀವು ಮುಖ್ಯ ಟ್ರೇಲ್‌ನಲ್ಲಿದ್ದೀರಿ. ಎರಡು ಮೈಲಿ ದಾಟಿದ ಮೇಲೆ ಎಡಕ್ಕೆ ನೀಲಿ ಪಟ್ಟಿಯ ಕವಲು ದಾರಿ, ಅದೇ ಬಂಡೆಗೆ ಹೋಗುವುದು.

ಈಗ ಮುಖ್ಯ ವಿಷಯ, ಹೊತ್ತಿನ ಲೆಕ್ಕ. ಎಲ್ಲರೂ ಸೂರ್ಯಾಸ್ತಕ್ಕೆ ಲೆಕ್ಕ ಹಾಕುತ್ತಾರೆ, ಇಳಿಯುವುದಕ್ಕೆ ಹಾಕುವುದಿಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 8.40ರ ಹೊತ್ತಿಗೆ, ಅಕ್ಟೋಬರ್ ಮಧ್ಯದಲ್ಲಿ 6.30ಕ್ಕೆ, ನವೆಂಬರ್‌ನಲ್ಲಿ ಗಡಿಯಾರ ಹಿಂದೆ ಹಾಕಿದ ಮೇಲೆ 5ಕ್ಕೇ ಮುಗಿಯಿತು. ಹತ್ತಲು ಒಂದೂಕಾಲು, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅರ್ಧ ಗಂಟೆ ಮೊದಲೇ ಬಂಡೆ ಮೇಲಿರಬೇಕು. ಅಂದರೆ ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚೆ ಕಾಲು ಎತ್ತಬೇಕು. ಆಮೇಲೆ ಆಕಾಶ ಇನ್ನೂ ಕೆಂಪಾಗುತ್ತದೆ ಅಂತ ಕೂತುಬಿಡುತ್ತೇವೆ, ಕೂರಲೂಬೇಕು, ಅದಕ್ಕೇ ತಾನೆ ಬಂದದ್ದು, ಆದರೆ ಮರಗಳ ಅಡಿಯಲ್ಲಿ ಬಯಲಿಗಿಂತ ಬೇಗ ಕತ್ತಲಾಗಿರುತ್ತದೆ. ಇಳಿಯುವುದು ಪೂರ್ತಿ ಕತ್ತಲಲ್ಲೇ ಅಂತ ಮೊದಲೇ ಒಪ್ಪಿಕೊಂಡು ಹೊರಡುವುದು ಒಳ್ಳೆಯದು. ಊರಲ್ಲಿ ಕಾಡಿನ ಚಾರಣ ಅಂದರೆ ಸಂಜೆಯೊಳಗೆ ಕೆಳಗಿರಬೇಕು, ಹಾಗಾಗಿ ನಮ್ಮಲ್ಲಿ ಬಹಳ ಜನರಿಗೆ ಇದು ಅಭ್ಯಾಸ ಇಲ್ಲ.

ಒಬ್ಬೊಬ್ಬರಿಗೂ ಒಂದೊಂದು ಹೆಡ್‌ಲ್ಯಾಂಪ್ ಬೇಕು. ಫೋನ್ ಟಾರ್ಚ್ ಸಾಲದು, ಒಂದು ಕೈ ಅದಕ್ಕೇ ಹೋಗುತ್ತದೆ, ಎಡವಿದರೆ ಊರಲು ಕೈ ಇರುವುದಿಲ್ಲ. ಬಿಳಿ ಪಟ್ಟಿ ನೋಡಿ ಧೈರ್ಯ ತಂದುಕೊಳ್ಳುವವರಿಗೆ ಇನ್ನೊಂದು ಮಾತು: ಪಟ್ಟಿ ಎರಡೂ ದಿಕ್ಕಿಗೆ ಒಂದೇ ಥರ ಇರುತ್ತದೆ. ನೀವು ದಾರಿಯಲ್ಲಿದ್ದೀರಿ ಅಂತ ಹೇಳುತ್ತದೆ, ಯಾವ ಕಡೆ ಹೋಗುತ್ತಿದ್ದೀರಿ ಅಂತ ಹೇಳುವುದಿಲ್ಲ. ನೀಲಿ ಕವಲಿನಿಂದ ಮುಖ್ಯ ದಾರಿಗೆ ಬಂದಾಗ ಬಲಕ್ಕೆ ತಿರುಗಬೇಕು. ಎಡಕ್ಕೆ ತಿರುಗಿದರೂ ಬಿಳಿ ಪಟ್ಟಿ ಸಿಗುತ್ತಲೇ ಹೋಗುತ್ತದೆ, ಪೆನ್ಸಿಲ್ವೇನಿಯಾವರೆಗೂ! ಆ ತಿರುವಿನ ಫೋಟೋ ಹೋಗುವಾಗಲೇ ತೆಗೆದಿಟ್ಟುಕೊಳ್ಳಿ. ಆಮೇಲೆ ಕಿವಿ ಉಪಯೋಗಿಸಿ. ಹಗಲು ಬೇಜಾರು ತರಿಸುವ ಹೆದ್ದಾರಿ ಸದ್ದು ರಾತ್ರಿ ಉಪಕಾರಕ್ಕೆ ಬರುತ್ತದೆ. ಇಳಿಯುತ್ತಾ ಲಾರಿ ಸದ್ದು ಜಾಸ್ತಿ ಆಗುತ್ತಿದ್ದರೆ ಸರಿಯಾಗಿಯೇ ಹೋಗುತ್ತಿದ್ದೀರಿ.

ಬಣ್ಣದ ಎಲೆ ನೋಡಲು ಅಕ್ಟೋಬರ್ ಚೆನ್ನ, ನಿಜ. ಆದರೆ ಉದುರಿದ ಎಲೆ ಕಲ್ಲನ್ನೆಲ್ಲ ಮುಚ್ಚಿರುತ್ತದೆ, ಮಳೆ ಬಿದ್ದರೆ ಜಾರುತ್ತದೆ. ಕತ್ತಲಲ್ಲಿ ಇಳಿಯಲು ನನಗೆ ಬೇಸಿಗೆಯೇ ವಾಸಿ, ಸೊಳ್ಳೆ, ಉಣ್ಣೆ ಇದ್ದರೂ. ಉಣ್ಣೆ ಅಂದರೆ ಟಿಕ್, ಲೈಮ್ ಕಾಯಿಲೆ ತರುವಂಥದ್ದು. ಉದ್ದ ಪ್ಯಾಂಟ್ ಹಾಕಿ ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ತಕ್ಷಣ ಮೊಣಕಾಲ ಹಿಂದೆ, ಕಂಕುಳು, ಮಕ್ಕಳ ಕೂದಲು ಎಲ್ಲ ನೋಡಿ. ಈ ಬೆಟ್ಟದಲ್ಲಿ ವಿಷದ ಹಾವುಗಳೂ ಇವೆ, ರ‍್ಯಾಟಲ್‌ಸ್ನೇಕ್ ಮತ್ತು ಕಾಪರ್‌ಹೆಡ್. ಸಂಜೆ ಬಿಸಿ ಬಂಡೆ ಅವಕ್ಕೂ ಇಷ್ಟ, ಸಂದಿಗೆ ನೋಡದೆ ಕೈ ಹಾಕಬೇಡಿ. ಬಂಡೆಗೆ ಕಂಬಿ, ಬೇಲಿ ಏನೂ ಇಲ್ಲ. ಸಣ್ಣ ಮಕ್ಕಳ ಕೈ ಬಿಡುವ ಹಾಗಿಲ್ಲ, ಸೆಲ್ಫಿಗೆ ಹಿಂದೆ ಹಿಂದೆ ಸರಿಯುವ ದೊಡ್ಡವರದ್ದೂ.

ಊಟಕ್ಕೆ ಚಿತ್ರಾನ್ನ, ಮೊಸರನ್ನ ಒಯ್ಯಿರಿ, ಒಲೆ ಹಚ್ಚುವ ಗೋಜು ಬೇಡ. ಹತ್ತಿರದ ಕ್ಯಾಂಪ್ ಜಾಗದಲ್ಲಿ ಬೆಂಕಿ ಹಾಕಲು ಬಿಡುವುದಿಲ್ಲ. ಬಾಳೆಸಿಪ್ಪೆ, ಕಿತ್ತಳೆಸಿಪ್ಪೆ ಮಣ್ಣಲ್ಲಿ ಕೊಳೆಯುತ್ತದಲ್ವಾ ಅಂತ ಎಸೆಯಬೇಡಿ, ಕರಡಿ ಇರುವ ಕಾಡು. ಎಲ್ಲ ಚೀಲದಲ್ಲೇ ವಾಪಸ್ ಬರಲಿ. ನೀರು ತಲೆಗೆ ಒಂದೂವರೆ, ಎರಡು ಲೀಟರ್. ಕ್ಯಾಂಪ್ ಬಳಿ ಒರತೆ ಇದೆ, ಆದರೆ ಶೋಧಿಸದೆ ಕುಡಿಯಬೇಡಿ. ಇನ್ನೊಂದು, ಜಾರ್ಜಿಯಾದಿಂದ ನಡೆದುಕೊಂಡು ಬಂದವರು ಅಲ್ಲಿ ಮಲಗಿರುತ್ತಾರೆ, ಮೇ ಜೂನ್‌ನಲ್ಲಂತೂ ಜಾಸ್ತಿ. ಅವರಿಗೆ ರಾತ್ರಿ ಒಂಬತ್ತು ಅಂದರೆ ನಡುರಾತ್ರಿ. ಸ್ಪೀಕರ್‌ನಲ್ಲಿ ಹಾಡು ಹಾಕಿ ಅಂತ್ಯಾಕ್ಷರಿ ಆಡುವುದು ಬೇಡ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರನ್ನೂ ಕರೆದುಕೊಂಡು ಹೋಗಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹಗಲಲ್ಲಾದರೆ ಮಂಡಿ ಗಟ್ಟಿ ಇದ್ದವರು ಬರಬಹುದು. ಸಂಜೆ ಬೇಡ. ಅದೇ ಬೆಟ್ಟಸಾಲಿನಲ್ಲಿ, ಐ-70 ದಾಟಿ ದಕ್ಷಿಣಕ್ಕೆ, ಬೂನ್ಸ್‌ಬರೋ ಊರಿನವರು 1827ರಲ್ಲಿ ಕಟ್ಟಿದ ವಾಷಿಂಗ್ಟನ್ ಸ್ಮಾರಕದ ಕಲ್ಲುಗೋಪುರ ಇದೆ. ಅಪಲೇಚಿಯನ್ ಟ್ರೇಲ್ ಅದರ ಬುಡದಲ್ಲೇ ಹೋಗುತ್ತದೆ. ಕಾರು ಹತ್ತಿರದವರೆಗೂ ಹೋಗುತ್ತದೆ, ಆಮೇಲೆ ಸ್ವಲ್ಪ ಏರು ನಡೆದರೆ ಸಾಕು, ಪಶ್ಚಿಮದ ಅದೇ ಬಯಲು ಕಾಣುತ್ತದೆ. ಪಾರ್ಕಿನ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅಂತ ಮಾತ್ರ ಹೊರಡುವ ಮೊದಲೇ ನೋಡಿಕೊಳ್ಳಿ.