ಇಬ್ಬರ ಮೊದಲ ವಿದೇಶ ಪ್ರವಾಸ ಸಿಂಗಪುರವಾದರೆ

ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ವಿಮಾನ ಹಿಡಿದವರು ಬೆಳಿಗ್ಗೆಯೇ ಇಳಿಯುತ್ತಾರೆ, ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ. ಸೂಟ್‌ಕೇಸನ್ನು ಹೋಟೆಲಿನಲ್ಲೇ ಇಟ್ಟು ಹೊರಡಿ.

ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರದ್ದು ಬೇರೆ. ವೀಸಾ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ: ಇಳಿಯುವುದಕ್ಕೆ ಮುಂಚಿನ ಮೂರು ದಿನದ ಒಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆಗಮನದ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. ಇದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಎದುರಾದರೆ ಅದು ಸರ್ಕಾರದ್ದಲ್ಲ. ಗುಟ್ಕಾ, ಖೈನಿ, ಇ-ಸಿಗರೇಟು ಬ್ಯಾಗಿನಲ್ಲಿ ಬೇಡವೇ ಬೇಡ, ಅಲ್ಲಿ ನಿಷಿದ್ಧ. ಚೂಯಿಂಗ್ ಗಮ್ ಕೂಡ ಒಯ್ಯುವಂತಿಲ್ಲ.

ಜೋಡಿಗಳು ಮೊದಲು ಎಡವುವುದು ಎಂಆರ್‌ಟಿ ಎಂಬ ಅಲ್ಲಿನ ಮೆಟ್ರೋ ರೈಲಿನ ಗೇಟಿನಲ್ಲಿ. ನಮ್ಮ ಬ್ಯಾಂಕಿನ ವೀಸಾ ಕಾರ್ಡು ಅಥವಾ ಮಾಸ್ಟರ್‌ಕಾರ್ಡನ್ನೇ ಅಲ್ಲಿ ಮುಟ್ಟಿಸಿ ಒಳಹೋಗಬಹುದು, ಟಿಕೆಟ್ ಸಾಲಿನ ರಗಳೆ ಇಲ್ಲ. ಆದರೆ ಒಂದು ಕಾರ್ಡಿಗೆ ಒಬ್ಬರೇ. ಒಬ್ಬರು ಒಳಹೋದ ಮೇಲೆ ಅದೇ ಕಾರ್ಡಿನಲ್ಲಿ ಇನ್ನೊಬ್ಬರು ಹೋಗಲು ಬರುವುದಿಲ್ಲ. ಜಂಟಿ ಖಾತೆಯಾದರೂ ಇಬ್ಬರ ಕೈಯಲ್ಲೂ ಬೇರೆ ಬೇರೆ ಕಾರ್ಡು ಇರಲಿ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್ ತೆರೆದು 'ಅಂತಾರಾಷ್ಟ್ರೀಯ ವ್ಯವಹಾರ', 'ಕಾಂಟ್ಯಾಕ್ಟ್‌ಲೆಸ್' ಎರಡನ್ನೂ ಆನ್ ಮಾಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ಇವು ಮುಚ್ಚಿಯೇ ಬರುತ್ತವೆ. ಬಸ್ಸಿನಲ್ಲಿ ಇಳಿಯುವಾಗಲೂ ಕಾರ್ಡು ಮುಟ್ಟಿಸಬೇಕು, ಮರೆತರೆ ಕೊನೆಯ ನಿಲ್ದಾಣದವರೆಗಿನ ದರ ಕತ್ತರಿಸಿಕೊಳ್ಳುತ್ತದೆ. ರೈಲಿನೊಳಗೆ ನೀರು ಕುಡಿಯುವುದೂ ತಪ್ಪು, ದಂಡ 500 ಡಾಲರ್‌ವರೆಗೆ.

ಮಧ್ಯಾಹ್ನದ ಸೆಖೆ ಮಂಗಳೂರಿನವರಿಗೆ ಹೊಸದಲ್ಲ, ಬೆಂಗಳೂರಿನವರಿಗೆ ಹಿಂಸೆ. ಆ ಹೊತ್ತನ್ನು ಗಾರ್ಡನ್ಸ್ ಬೈ ದ ಬೇ ಉದ್ಯಾನದ ಕ್ಲೌಡ್ ಫಾರೆಸ್ಟ್‌ಗೆ ಮೀಸಲಿಡಿ: ತಣ್ಣನೆಯ ಗಾಜಿನ ಮನೆ, ಒಳಗೆ 35 ಮೀಟರಿನ ಜಲಪಾತ. ಟಿಕೆಟ್ಟಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸಂಜೆಯ ಬೆಳಕಿನಾಟಗಳಿಗೆ ಟಿಕೆಟ್ಟೇ ಬೇಡ. ಪಕ್ಕದ ಸೂಪರ್‌ಟ್ರೀ ಎಂಬ ಮರದಾಕಾರದ ಗೋಪುರಗಳ ಕೆಳಗೆ 7:45ಕ್ಕೆ ಮೊದಲ ಪ್ರದರ್ಶನ, ಸುಮಾರು ಕಾಲು ಗಂಟೆ. ಅದು ಮುಗಿದ ಕೂಡಲೇ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಎದುರಿನ ನೀರು-ಬೆಳಕಿನ 8 ಗಂಟೆಯ ಆಟಕ್ಕೆ ಓಡುವವರಿದ್ದಾರೆ, ಎರಡೂ ಕೆಡುತ್ತವೆ. 9ರದ್ದನ್ನು ನೋಡಿ. ಆಮೇಲೆ ಹೀಲಿಕ್ಸ್ ಸೇತುವೆ ದಾಟಿ ಕೊಲ್ಲಿಯ ಅಂಚಿನಲ್ಲೇ ಅರ್ಧ ಗಂಟೆ ನಡೆದರೆ ಮೆರ್‌ಲಯನ್, ಸಿಂಹದ ತಲೆ, ಮೀನಿನ ಮೈಯ ಪ್ರತಿಮೆ. ಫೋಟೋ ನೋಡಿ ಭಾರೀ ಪ್ರತಿಮೆ ಎಂದುಕೊಳ್ಳಬೇಡಿ, ಎತ್ತರ 8.6 ಮೀಟರ್ ಅಷ್ಟೇ.

ಸೆಂಟೋಸಾ ದ್ವೀಪಕ್ಕೆ ವಿವೋಸಿಟಿ ಮಾಲ್‌ನಿಂದ ಮಾನೋರೈಲು, ಹೋಗುವಾಗ ಮಾತ್ರ ದುಡ್ಡು. ಪಕ್ಕದ ಬೋರ್ಡ್‌ವಾಕ್ ಕಾಲುದಾರಿಯಲ್ಲಿ ನಡೆದೇ ಹೋದರೆ ಅದೂ ಇಲ್ಲ.

ಸಸ್ಯಾಹಾರಿಗಳಿಗೆ ಲಿಟಲ್ ಇಂಡಿಯಾ ಇದೆ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಇಡ್ಲಿ, ದೋಸೆ ಹಾಕುತ್ತಿದೆ. ಹಾಕರ್ ಸೆಂಟರ್ ಎಂಬ ಅಗ್ಗದ ಊಟದಂಗಡಿಗಳ ಸಂಕೀರ್ಣಗಳಲ್ಲಿ 'ವೆಜಿಟಬಲ್ ನೂಡಲ್ಸ್' ಎಂಬ ಹೆಸರನ್ನು ನಂಬಬೇಡಿ. ಮೊಟ್ಟೆ, ಒಣಸಿಗಡಿ, ಆಯ್ಸ್ಟರ್ ಸಾಸ್ ಇದೆಯೇ ಎಂದು ಒಂದೊಂದನ್ನೂ ಹೆಸರಿಟ್ಟು ಕೇಳಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಅದು ನಮ್ಮ ಬಸ್ ಸೀಟಿನ ಕರವಸ್ತ್ರ, ಜಾಗ ಹಿಡಿದಾಗಿದೆ. ಊಟವಾದ ಮೇಲೆ ತಟ್ಟೆಯನ್ನು ನೀವೇ ಒಯ್ದು ಇಡಬೇಕು, ಇದು ಕಾನೂನು. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು.

ರೈಲಿನಲ್ಲಿ ಇಬ್ಬರಿಗೂ ಬೇರೆ ಬೇರೆ ಕಾರ್ಡು, ಶಾಪಿಂಗ್‌ನಲ್ಲಿ ಮಾತ್ರ ಲೆಕ್ಕ ಉಲ್ಟಾ: ಇಬ್ಬರ ಬಿಲ್ಲನ್ನೂ ಒಬ್ಬರ ಪಾಸ್‌ಪೋರ್ಟಿನಲ್ಲೇ ಮಾಡಿಸಿ. ಪ್ರವಾಸಿಗರಿಗೆ ಸಿಗುವ 9% ಜಿಎಸ್‌ಟಿ ಮರುಪಾವತಿಗೆ ಖರೀದಿ ಕನಿಷ್ಠ 100 ಡಾಲರ್ ಆಗಬೇಕು. ಒಂದೇ ದಿನ ಒಂದೇ ಅಂಗಡಿಯ ಮೂರು ಬಿಲ್ಲುಗಳವರೆಗೆ ಕೂಡಿಸಬಹುದು, ಎರಡು ಪಾಸ್‌ಪೋರ್ಟಿನವನ್ನು ಕೂಡಿಸುವಂತಿಲ್ಲ. ಸೇವಾಶುಲ್ಕ ಕಳೆಯುವುದರಿಂದ ಪೂರ್ತಿ 9% ಕೈಗೆ ಬರುವುದಿಲ್ಲ. ಕೊಂಡ ಸಾಮಾನು ಚೆಕ್-ಇನ್ ಬ್ಯಾಗಿನಲ್ಲಿದ್ದರೆ, ಚಾಂಗಿ ವಿಮಾನ ನಿಲ್ದಾಣದಲ್ಲಿ ಬ್ಯಾಗು ಒಪ್ಪಿಸುವ ಮೊದಲೇ ಮರುಪಾವತಿ ಯಂತ್ರದ ಮುಂದೆ ನಿಲ್ಲಬೇಕು. ತಪಾಸಣೆಗೆ ವಸ್ತು ತೋರಿಸಿ ಎಂದು ಕೇಳಬಹುದು, ಆಗ ಅದು ಕೈಯಲ್ಲಿರಬೇಕು.